ನೇತ್ರಾಣಿಗೆ ಕಚ್ಛದ ಪಾಠ

ನಮ್ಮ ಕೋಲ್ಕತ್ತೆಯ ನ್ಯೂ ಆಲಿಪುರದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮುಖ್ಯ ಕಚೇರಿಯಿದೆ. 1916ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಪಂಡಿತರ ಕೆಲಸಕ್ಕೂ ಹೋಟೆಲು, ಕಚೇರಿಗಳಲ್ಲಿ ದುಡಿಯುವ ಕರಾವಳಿಯ ಕನ್ನಡಿಗರಿಗೂ ಏನು ಸಂಬಂಧವೆಂದು ವಾಚಕರು ಕೇಳಿಯಾರು. ಸಂಬಂಧವಿದೆ ಎಂಬುದೇ ನಮ್ಮ ಅಭಿಪ್ರಾಯ.

ಗುಜರಾತಿನ ಕಚ್ಛದ ಕೊಲ್ಲಿಯನ್ನು ನೋಡಿರಿ. ಅದರ ಬಡಗಣ ದಂಡೆಯಾಚೆ ಮರುಭೂಮಿಯಂಥ ಉಪ್ಪಿನ ಬಯಲು. ತೆಂಕಣ ದಂಡೆಯಲ್ಲಿ, ಜಾಮನಗರದ ಆಸುಪಾಸಿನಲ್ಲಿ, 42 ದ್ವೀಪಗಳೂ ಹವಳದ ದಿಬ್ಬಗಳೂ ಇವೆ. ನೆಲ ಬರಡಾದರೂ ನೀರು ಬರಡಲ್ಲ. ಇಳಿತದ ಹೊತ್ತಿನಲ್ಲಿ ನರಾರಾ ಎಂಬಲ್ಲಿ ಮೊಣಕಾಲುದ್ದದ ನೀರಿನೊಳಗೆ ನಡೆದುಕೊಂಡೇ ಏಡಿ, ನಕ್ಷತ್ರಮೀನು, ಅಷ್ಟಪದಿ, ಜೀವಂತ ಹವಳಗಳನ್ನು ಕಾಣಬಹುದು. ಇಂಥ ಕೊಲ್ಲಿಯಿಂದ ಹಿಂದೆ ಹಲವು ವರ್ಷಗಳ ಕಾಲ ಸಿಮೆಂಟಿಗಾಗಿ ಹವಳದ ಮರಳನ್ನು ಬಾಚಿ ತೆಗೆಯಲಾಯಿತು. ರಾಡಿಯೆದ್ದ ನೀರಿನಲ್ಲಿ ಹವಳ ಬಾಳದು. 1982ರಲ್ಲಿ ದೇಶದ ಮೊತ್ತಮೊದಲ ಸಾಗರ ರಾಷ್ಟ್ರೀಯ ಉದ್ಯಾನವೆಂಬ ರಕ್ಷಣೆ ಇದಕ್ಕೆ ದೊರೆಯುವಷ್ಟರಲ್ಲಿ ಬಹಳಷ್ಟು ನಷ್ಟ ಸಂಭವಿಸಿತ್ತು.

ನಷ್ಟವಾದುದನ್ನು ತುಂಬಿಕೊಡುವ ಪ್ರಯತ್ನದಲ್ಲಿ ನಮ್ಮ ನಗರದ ಈ ಸಂಸ್ಥೆಯ ಪಾತ್ರವಿದೆ. 2020ರ ಜನವರಿಯಲ್ಲಿ ಗುಜರಾತಿನ ಅರಣ್ಯ ಇಲಾಖೆಯ ನೆರವಿನಿಂದ ಅದು ಮೀಠಾಪುರದ ಕಡಲಿನಲ್ಲಿ ಉಕ್ಕಿನ ಚೌಕಟ್ಟನ್ನು ಇಳಿಸಿತು. ಅದಕ್ಕೆ ಅಲ್ಪ ವಿದ್ಯುತ್ ಹರಿಸಿದರೆ ನೀರಿನಲ್ಲಿ ಕರಗಿರುವ ಖನಿಜಗಳು ಸುಣ್ಣದಂತೆ ಉಕ್ಕಿನ ಮೇಲೆ ಕಟ್ಟಿಕೊಳ್ಳುತ್ತವೆ. ಅದರ ಮೇಲೆ ಹವಳದ ತುಂಡುಗಳನ್ನು ನೆಟ್ಟು ಬೆಳೆಸುವುದು ಉದ್ದೇಶ. ಪ್ರಯತ್ನ ಸ್ತುತ್ಯರ್ಹವೇ ಸರಿ. ಆದರೆ ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಮಾತ್ರ ದೊಡ್ಡದಾಗುತ್ತದೆ. ಒಡೆಯಲು ಒಂದು ಗಳಿಗೆ, ಬೆಳೆಯಲು ಒಂದು ತಲೆಮಾರು.

ಈ ಮಾತು ನಮ್ಮ ಉತ್ತರ ಕನ್ನಡಕ್ಕೂ ಅನ್ವಯಿಸುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪ, ನಮ್ಮ ಮೀನುಗಾರರು ಹರಕೆ ಹೊತ್ತು ಹೋಗುವ ಸ್ಥಳ. ಬಹುಕಾಲ ಅದು ನೌಕಾಪಡೆಯ ಗುರಿ ಅಭ್ಯಾಸಕ್ಕೂ ಒಳಗಾಯಿತು. ಈಗ ಮಳೆಗಾಲ ಕಳೆದೊಡನೆ ಪಟ್ಟಣಗಳ ತರುಣರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಅಲ್ಲಿ ಮುಳುಗಿ ಹವಳವನ್ನೂ ಮೀನನ್ನೂ ನೋಡಿ ಬರುತ್ತಾರೆ. ಇದನ್ನು ನಾವು ಆಕ್ಷೇಪಿಸುವುದಿಲ್ಲ. ಊರಿನಲ್ಲಿ ಹೊಟ್ಟೆಗೆ ದಾರಿ ಕಾಣದೆ ಈ ನಗರಕ್ಕೆ ಬಂದವರು ನಾವು. ನಮ್ಮ ತಮ್ಮಂದಿರಿಗೆ ಊರಿನ ಕಡಲೇ ಅನ್ನ ಕೊಡುವುದಾದರೆ ಅದಕ್ಕಿಂತ ಸಂತೋಷದ ವಿಷಯವಿಲ್ಲ.

ಆದರೆ ಅನ್ನ ಕೊಡುವ ಪಾತ್ರೆಗೆ ತೂತು ಬೀಳದಂತೆ ನೋಡಿಕೊಳ್ಳಬೇಕು. ಹವಳದ ಮೇಲೆ ಎಸೆದ ಒಂದು ಲಂಗರು, ಈಜು ಬಾರದವನ ಒಂದು ಒದೆತ ಸಾಕು, ಹತ್ತಾರು ವರ್ಷಗಳ ಬೆಳವಣಿಗೆ ಮುರಿದುಬೀಳಲು. ಜನರ ಸಂಖ್ಯೆಗೆ ಮಿತಿ ಹಾಕಿದರೆ ಸಂಪಾದನೆ ಕುಗ್ಗುವುದೆಂದು ದೋಣಿಯವರು ಹೇಳಿಯಾರು. ಹೋಟೆಲು ನಡೆಸಿದವರಿಗೆ ಈ ಲೆಕ್ಕ ಗೊತ್ತು. ಹತ್ತು ಮಂದಿಯ ಪಂಕ್ತಿಯಲ್ಲಿ ಮೂವತ್ತು ಮಂದಿಯನ್ನು ಕುಳ್ಳಿರಿಸಿದರೆ ಆ ದಿನದ ಗಲ್ಲಾ ತುಂಬೀತು. ಮರುದಿನ ಗಿರಾಕಿ ಬಾರನು.

ಆದುದರಿಂದ ಲಂಗರಿನ ಬದಲು ದೋಣಿ ಕಟ್ಟಲು ಶಾಶ್ವತ ತೇಲುಬುರುಡೆಗಳು, ದಿನಕ್ಕಿಷ್ಟೇ ಜನವೆಂಬ ಮಿತಿ, ಮುಳುಗು ಕಲಿಸುವ ಕೆಲಸದಲ್ಲಿ ಮೀನುಗಾರರ ಮಕ್ಕಳಿಗೆ ತರಬೇತು ಹಾಗೂ ಮೊದಲ ಹಕ್ಕು: ಈ ಮೂರನ್ನೂ ರಾಜ್ಯ ಸರಕಾರ ನೇತ್ರಾಣಿಯಲ್ಲಿ ಖಚಿತಪಡಿಸಬೇಕು.

ರಜೆಗೆ ಊರಿಗೆ ಹೋಗುವ ನಮ್ಮ ಬಂಧುಗಳಲ್ಲೂ ಒಂದು ವಿನಂತಿ. ನೇತ್ರಾಣಿಗೆ ಹೋದರೆ ಕಣ್ಣಾರೆ ನೋಡಿರಿ, ಕೈ ತಾಗಿಸಬೇಡಿರಿ. ನೆನಪಿಗೆಂದು ಒಂದು ಚೂರು ಹವಳವನ್ನೂ ತರಬೇಡಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ 2001ರಿಂದ ಹವಳಕ್ಕೆ ಹುಲಿಗಿರುವಷ್ಟೇ ರಕ್ಷಣೆಯಿದೆ.