ಬಸುರಿನ ಬೇನೆಯೂ ರಜೆಯ ಲೆಕ್ಕವೂ

ಕಳೆದ ಶ್ರಾವಣದಲ್ಲಿ ಭಕ್ತರ ಮನೆಯೊಂದಕ್ಕೆ ನಾವು ಹೋಗಿದ್ದೆವು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನೌಕರಿಯಲ್ಲಿರುವ ಆ ಮನೆಯ ಸೊಸೆ ಆಗ ಮೂರು ತಿಂಗಳ ಗರ್ಭಿಣಿ. ಕುಡಿದ ನೀರೂ ನಿಲ್ಲದಷ್ಟು ವಾಂತಿ. ವೈದ್ಯರು ವಿಶ್ರಾಂತಿ ಬೇಕೆಂದಿದ್ದರು. ಅತ್ತೆಯವರು ಮಾತ್ರ, “ಇರುವ ರಜೆಯೆಲ್ಲ ಈಗಲೇ ತೀರಿದರೆ ಕೂಸು ಬಂದ ಮೇಲೇನು ಗತಿ?” ಎಂದರು. ಆ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಲೆಕ್ಕವಿತ್ತು. ಆ ಲೆಕ್ಕವನ್ನೇ ಈ ತಿಂಗಳು ನೋಡೋಣ.

ಕೇಂದ್ರ ನೌಕರರ 1972ರ ರಜಾ ನಿಯಮಗಳಂತೆ, ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆಯಿದ್ದವರಿಗೆ ಹೆರಿಗೆ ರಜೆ 180 ದಿನ. 2008ಕ್ಕೆ ಮುನ್ನ ಅದು 135 ದಿನವಿತ್ತು. ಗರ್ಭಪಾತವಾದರೆ ಇಡೀ ಸೇವಾವಧಿಗೆ 45 ದಿನ. ಆದರೆ ಬಸುರಿನಲ್ಲಿ ಬರುವ ರಕ್ತದೊತ್ತಡ, ರಕ್ತಸ್ರಾವ, ನಿಲ್ಲದ ವಾಂತಿ, ಇವನ್ನು ಆ ನಿಯಮಗಳು ಸಾಮಾನ್ಯ ಜ್ವರದ ಸಾಲಿನಲ್ಲಿಯೇ ಕೂರಿಸುತ್ತವೆ. ಗಳಿಕೆ ರಜೆ ತೀರಿದರೆ ಉಳಿಯುವುದು ವರ್ಷಕ್ಕೆ 20 ದಿನದ ಅರ್ಧವೇತನ ರಜೆ. ಪೂರ್ಣ ಸಂಬಳ ಬೇಕೆಂದರೆ ವೈದ್ಯರ ಪ್ರಮಾಣಪತ್ರವಿತ್ತು ಅದನ್ನು ಪರಿವರ್ತಿಸಿಕೊಳ್ಳಬೇಕು. ಆಗ ಒಂದು ದಿನಕ್ಕೆ ಎರಡು ದಿನ ಕಳೆಯುತ್ತದೆ. ಸೇವೆಗೆ ಸೇರಿ ಎರಡು ವರ್ಷವಾದ ಹೆಣ್ಣುಮಗಳಿಗೆ ಹೀಗೆ ದೊರೆಯುವುದು 20 ದಿನ. ಗಂಡಸಿಗೆಂದೂ ಬಾರದ ಬೇನೆಯನ್ನು ಗಂಡಸಿನ ಅಳತೆಗೋಲಿನಿಂದಲೇ ಅಳೆಯುವುದು ನಮಗೆ ಸರಿಕಾಣದು.

ಕಾರ್ಖಾನೆ ಮುಂತಾದೆಡೆ ದುಡಿಯುವವರಿಗಾಗಿ ಬಂದ 1961ರ ಹೆರಿಗೆ ಸೌಲಭ್ಯ ಕಾಯಿದೆ ಈ ವಿಷಯದಲ್ಲಿ ಹೆಚ್ಚು ಕರುಣೆ ತೋರಿತ್ತು. ಬಸುರಿನಿಂದಲೋ ಹೆರಿಗೆಯಿಂದಲೋ ಕಾಯಿಲೆಯೆಂದು ರುಜುವಾತಾದರೆ, ಹೆರಿಗೆ ರಜೆಯಲ್ಲದೆ ಒಂದು ತಿಂಗಳವರೆಗೆ ಸಂಬಳಸಹಿತ ರಜೆಯನ್ನು ಅದರ 10ನೆಯ ಕಲಮು ಕೊಟ್ಟಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಹಾಗಾಗಿ ಚೀಟಿ ಬರೆಸುವಾಗ ಬರಿದೆ ‘ಅಸ್ವಸ್ಥತೆ’ ಎಂದಿರದೆ, ಗರ್ಭದಿಂದಾದ ಕಾಯಿಲೆಯೆಂದು ಸ್ಪಷ್ಟವಾಗಿರಲಿ. ಎಷ್ಟೋ ಮನೆಗಳಲ್ಲಿ ನಾಚಿಕೆಯಿಂದ ಇದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಹಕ್ಕೂ ಮುಚ್ಚಿಹೋಗುತ್ತದೆ.

ದಿನಗೂಲಿಯವರ ಮಾತೇನೆಂದು ಕೇಳುವವರುಂಟು. ದಿಲ್ಲಿ ನಗರಪಾಲಿಕೆಯ ಹಾಜರಿಪಟ್ಟಿಯ ಮೇಲೆ ವರ್ಷಗಟ್ಟಲೆ ಮಣ್ಣು ಅಗೆದು ರಸ್ತೆ ಮಾಡುತ್ತಿದ್ದ ಹೆಂಗಸರಿಗೆ ಹೆರಿಗೆ ಸೌಲಭ್ಯವಿರಲಿಲ್ಲ. ಖಾಯಂ ನೌಕರರಿಗಷ್ಟೇ ಇತ್ತು. 2000ದ ಮಾರ್ಚ್ 8ರಂದು ಸರ್ವೋಚ್ಚ ನ್ಯಾಯಾಲಯವು ಆ ಕಾಯಿದೆ ಇವರಿಗೂ ಸಲ್ಲುವುದೆಂದು ತೀರ್ಪಿತ್ತಿತು.

ಆ ಸೊಸೆ ಅಂದೇ ಗಳಿಕೆ ರಜೆಗೆ ಅರ್ಜಿ ಬರೆದರು. ಕಾಗದ, ಪೆನ್ನು ತಂದುಕೊಟ್ಟವರು ಅತ್ತೆಯವರೇ.