ಹೂವು ಒಯ್ಯುವ ಮುನ್ನ

ಕಳೆದ ವರ್ಷ ನಮ್ಮ ತರಗತಿಯ ಸಿಖ್ ಹುಡುಗನೊಬ್ಬನ ಅಜ್ಜ ತೀರಿಕೊಂಡರು. ದುಬೈನ ಜೆಬೆಲ್ ಅಲಿ ಗುರುದ್ವಾರದಲ್ಲಿ ಪ್ರಾರ್ಥನೆ ಇತ್ತು. ಮಕ್ಕಳು ಹಣ ಕೂಡಿಸಿ ದೊಡ್ಡ ಹೂಗುಚ್ಛ ತರಲು ಹೊರಟಾಗ, ಸ್ವಲ್ಪ ತಾಳಿ ಎಂದೆ. "ಹೂವು ಒಯ್ದರೆ ತಪ್ಪಾ ಮಿಸ್?" ಎಂದು ಒಬ್ಬಳು ಕೇಳಿದಳು.

ತಪ್ಪಲ್ಲ. ಗುರುದ್ವಾರದಲ್ಲಿ ಗುರು ಗ್ರಂಥ ಸಾಹಿಬ್ ಸುತ್ತ ಹೂವಿನ ಅಲಂಕಾರ ಇರುತ್ತದೆ. ಆದರೆ ಹೂವು ಕಡ್ಡಾಯವಲ್ಲ. ದುಂಬಿ ಎಂಜಲು ಮಾಡಿದ ಹೂವನ್ನು ದೇವರಿಗೆ ಹೇಗೆ ಅರ್ಪಿಸಲಿ ಎಂದು ಕೇಳುವ ಸಂತ ರವಿದಾಸರ ಪದವೂ ಅದೇ ಗ್ರಂಥದಲ್ಲಿದೆ. ಅಂತ್ಯಕ್ರಿಯೆಯಲ್ಲಿ ಮುಖ್ಯವಾದದ್ದು ಕೀರ್ತನ ಸೋಹಿಲಾ ಪಠಣ ಮತ್ತು ಅರ್ದಾಸ್ ಎಂಬ ಪ್ರಾರ್ಥನೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಮೊದಲು ಮನೆಯವರನ್ನು ಕೇಳೋಣ. ಅವರು ಒಪ್ಪಿದರೆ ನಾಲ್ಕು ಹೂವು ಸಾಕು, ಉಳಿದ ಹಣ ಲಂಗರ್‌ಗೆ ಸಲ್ಲಲಿ. ಬೀದರ್‌ನ ನಾನಕ್ ಝೀರಾದಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡ ಕನ್ನಡಿಗರಿಗೆ ಆ ಊಟದ ಬೆಲೆ ಗೊತ್ತು.

ನಾವು ಹಾಗೆಯೇ ಮಾಡಿದೆವು. ತಲೆಗೆ ವಸ್ತ್ರ ಕಟ್ಟಿ, ಚಪ್ಪಲಿ ಬಿಟ್ಟು, ನೆಲದ ಮೇಲೆ ಕುಳಿತು ಕೀರ್ತನೆ ಕೇಳಿದೆವು. ಸ್ವಲ್ಪ ಹೊತ್ತಿಗೆ ಆ ಹುಡುಗ ಬಂದು ಗೆಳೆಯರ ನಡುವೆ ಕುಳಿತ. ಮಕ್ಕಳೇ, ದುಃಖದಲ್ಲಿರುವವರಿಗೆ ನಾವು ಕೊಡಬಹುದಾದ ದೊಡ್ಡ ಕಾಣಿಕೆ ಅದೇ.