ಮೊದಲು ಕಾಲು ಮುಟ್ಟಿ ನೋಡಿ

ನನಗೆ ಇಬ್ಬರು ವೈದ್ಯಮಿತ್ರರಿದ್ದಾರೆ. ಒಬ್ಬರು ರಕ್ತನಾಳಗಳ ಶಸ್ತ್ರವೈದ್ಯರು. ಇನ್ನೊಬ್ಬರು ಕತ್ತಿ ಹಿಡಿಯದೆ, ತೊಡೆಸಂದಿಯಲ್ಲಿ ಸಣ್ಣ ತೂತು ಮಾಡಿ, ಅದರೊಳಗಿಂದ ತಂತಿಯನ್ನೂ ಬಲೂನನ್ನೂ ತೂರಿಸಿ ಕಟ್ಟಿಕೊಂಡ ನಾಳವನ್ನು ಬಿಡಿಸುವವರು. ಇಬ್ಬರೂ ಒಟ್ಟಿಗೆ ನಮ್ಮ ಮನೆಗೆ ಬಂದರೆಂದರೆ ಕಾಫಿ ಆರಿಹೋಗುವವರೆಗೂ ಜಗಳ. ಈಚೆಗೆ ಆ ಜಗಳಕ್ಕೆ ಎರಡು ಹೊಸ ಆಯುಧಗಳು ಸಿಕ್ಕಿವೆ. ಅವನ್ನು ವಾಚಕರ ಮುಂದಿಟ್ಟು, ಇಬ್ಬರ ಮೇಲೂ ನನಗಿರುವ ಸಿಟ್ಟನ್ನು ತೀರಿಸಿಕೊಳ್ಳಬೇಕೆಂದು ಈ ಲೇಖನ.

ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳಲ್ಲಿ ಕೊಬ್ಬೂ ಸುಣ್ಣವೂ ಕಟ್ಟಿ ದಾರಿ ಮುಚ್ಚುವ ರೋಗವೊಂದುಂಟು. ಬೀಡಿ ಸಿಗರೇಟು ಸೇದುವವರಿಗೂ ಸಕ್ಕರೆ ಕಾಯಿಲೆಯವರಿಗೂ ಇದು ಹೆಚ್ಚು. ಮೊದಮೊದಲು ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಮುಂದುವರಿದರೆ ಮಲಗಿದಾಗಲೂ ಪಾದ ನೋಯುತ್ತದೆ, ಹುಣ್ಣು ಮಾಯುವುದಿಲ್ಲ, ಬೆರಳು ಕಪ್ಪಾಗುತ್ತದೆ. ಆಗ ರಕ್ತದ ದಾರಿಯನ್ನು ತೆರೆಯದಿದ್ದರೆ ಕಾಲು ಉಳಿಯುವುದು ಕಷ್ಟ.

ತೆರೆಯುವುದಕ್ಕೆ ಎರಡು ಉಪಾಯ. ರೋಗಿಯ ಕಾಲಿನದೇ ಉದ್ದನೆಯ ಅಭಿಧಮನಿಯನ್ನು ತೆಗೆದು, ಮುಚ್ಚಿದ ಜಾಗದ ಮೇಲಿಂದ ಕೆಳಕ್ಕೆ ಬಳಸುದಾರಿಯಾಗಿ ಹೊಲಿಯುವುದು ಒಂದು. ಇದನ್ನು ಜಾನ್ ಕುನ್‌ಲಿನ್ 1948ರಲ್ಲಿ ಪ್ಯಾರಿಸಿನಲ್ಲಿ ಮಾಡಿ ತೋರಿಸಿದರು. ಇನ್ನೊಂದು ಒಳಗಿನಿಂದಲೇ ಅಗಲಿಸುವುದು. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 82 ವರ್ಷದ ಮುದುಕಿಯೊಬ್ಬಳು ಕಾಲು ಕತ್ತರಿಸಿಕೊಳ್ಳಲು ಸುತರಾಂ ಒಪ್ಪಲಿಲ್ಲ. ಕ್ಷಕಿರಣ ತಜ್ಞ ಚಾರ್ಲ್ಸ್ ಡಾಟರ್ ನಾಳದೊಳಕ್ಕೆ ಒಂದರಮೇಲೊಂದು ಕೊಳವೆ ತೂರಿಸಿ ದಾರಿ ಮಾಡಿದರು. ಬಲೂನು ಬಂದದ್ದು ಆಮೇಲೆ. ಒಂದು ಇಡೀ ಶಾಸ್ತ್ರ ಆ ಮುದುಕಿಯ ಹಠದಿಂದ ಹುಟ್ಟಿತೆಂದರೂ ತಪ್ಪಿಲ್ಲ.

ಇನ್ನು ಆಯುಧಗಳ ಮಾತು. 2022ರಲ್ಲಿ ಪ್ರಕಟವಾದ ಬೆಸ್ಟ್-ಸಿ.ಎಲ್.ಐ. ಎಂಬ ಪರೀಕ್ಷೆಯಲ್ಲಿ 1,830 ರೋಗಿಗಳಿದ್ದರು. ಒಳ್ಳೆಯ ಅಭಿಧಮನಿ ಇದ್ದವರಲ್ಲಿ, ದೊಡ್ಡ ಮರುಚಿಕಿತ್ಸೆ, ಕಾಲು ಹೋಗುವುದು, ಸಾವು ಇವುಗಳಲ್ಲಿ ಯಾವುದಾದರೊಂದು ಒದಗಿದ್ದು ಬೈಪಾಸ್ ಕಡೆ ನೂರಕ್ಕೆ 42.6, ಬಲೂನಿನ ಕಡೆ 57.4. ನನ್ನ ಶಸ್ತ್ರವೈದ್ಯ ಮಿತ್ರರು ಅಂದು ಮೀಸೆ ತಿರುವಿದರು. ಮರುವರ್ಷವೇ ಬ್ರಿಟನ್ನಿನಿಂದ ಬೇಸಿಲ್-2 ಬಂದಿತು. ಮೊಳಕಾಲಿನ ಕೆಳಗಿನ ನಾಳಗಳು ಮುಚ್ಚಿದ್ದ 345 ರೋಗಿಗಳು. ಕಾಲು ಹೋದವರೂ ಸತ್ತವರೂ ಸೇರಿ ಬೈಪಾಸ್ ಕಡೆ ನೂರಕ್ಕೆ 63, ಬಲೂನಿನ ಕಡೆ 53. ಮೀಸೆ ಈಗ ಇನ್ನೊಬ್ಬರದು.

ಇಬ್ಬರೂ ಅಂಕಿ ಓದಿದರೇ ಹೊರತು ಪ್ರಶ್ನೆಯನ್ನು ಓದಲಿಲ್ಲ. ಮೊದಲನೆಯ ಪರೀಕ್ಷೆ ಮತ್ತೆ ದೊಡ್ಡ ಚಿಕಿತ್ಸೆ ಮಾಡಬೇಕಾದುದನ್ನೂ ಸೋಲೆಂದು ಎಣಿಸಿತು. ಎರಡನೆಯದು ಎಣಿಸಿದ್ದು ಕಾಲನ್ನೂ ಜೀವವನ್ನೂ ಮಾತ್ರ. ಎರಡನೆಯದರಲ್ಲಿ ಬೈಪಾಸ್ ಹಿಂದೆಬಿದ್ದುದು ಹೆಚ್ಚು ಕಾಲುಗಳು ಹೋದುದರಿಂದಲ್ಲ, ಹೆಚ್ಚು ಜನ ಸತ್ತುದರಿಂದ. ಮೊದಲನೆಯದರಲ್ಲೇ, ಒಳ್ಳೆಯ ಅಭಿಧಮನಿ ಇಲ್ಲದವರ ವಿಷಯದಲ್ಲಿ ಎರಡು ಉಪಾಯಗಳಿಗೂ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಈ ರೋಗಿಗೆ ಒಳ್ಳೆಯ ಅಭಿಧಮನಿ ಇದೆಯೆ, ಅಡ್ಡಿ ಎಲ್ಲಿದೆ, ದೊಡ್ಡ ಶಸ್ತ್ರಚಿಕಿತ್ಸೆಯನ್ನು ಈತನ ಗುಂಡಿಗೆ ತಡೆದೀತೆ ಎಂದು ಕೇಳಬೇಕಾದ ಕಡೆ ನನ್ನ ಮಿತ್ರರು ನೀನು ಹೆಚ್ಚೋ ನಾನು ಹೆಚ್ಚೋ ಎನ್ನುತ್ತಿದ್ದಾರೆ. 'ಕತ್ತಿಯಿಲ್ಲ, ಹೊಲಿಗೆಯಿಲ್ಲ' ಎಂಬ ಜಾಹೀರಾತು ಚಿಕಿತ್ಸೆಯೂ ಅಲ್ಲ, ಶಾಸ್ತ್ರವೂ ಅಲ್ಲ. 'ನಮ್ಮ ಕೈಗೆ ಸಮನಾದುದಿಲ್ಲ' ಎಂಬ ಬಿಂಕವೂ ಅಷ್ಟೆ.

ಆದರೆ ನನ್ನ ನಿಜವಾದ ಸಿಟ್ಟು ಇದಲ್ಲ.

ನನ್ನ ಸೋದರಮಾವನವರು ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಬಹಳ ವರ್ಷದ ಸಕ್ಕರೆ ಕಾಯಿಲೆ. ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಗಾಯವಾಯಿತು. ನರಗಳು ಜಡ್ಡುಗಟ್ಟಿದ್ದುದರಿಂದ ನೋವೇ ತಿಳಿಯಲಿಲ್ಲ. ಊರ ಹೆಸರಾಗಲಿ ಆಸ್ಪತ್ರೆಯ ಹೆಸರಾಗಲಿ ಬೇಡ; ಅಲ್ಲಿ ಬೆರಳು ತೆಗೆದರು. ಗಾಯ ಮಾಯಲಿಲ್ಲ. ಅರ್ಧ ಪಾದ ತೆಗೆದರು. ಅದೂ ಮಾಯಲಿಲ್ಲ. ಮೂರನೆಯ ಸಲ ಯಾರೋ ಹೊಸದಾಗಿ ಬಂದ ಹುಡುಗ ಡಾಕ್ಟರು ಪಾದದ ನಾಡಿ ಹಿಡಿದು ನೋಡಿ, ಸಿಕ್ಕದೆ, ಗಾಬರಿಯಾಗಿ ಸ್ಕ್ಯಾನಿಗೆ ಕಳಿಸಿದ. ತೊಡೆಯಲ್ಲೇ ದಾರಿ ಮುಚ್ಚಿತ್ತು. ಅಷ್ಟು ಹೊತ್ತಿಗೆ ನಂಜು ಮೇಲೇರಿತ್ತು. ಮೊಳಕಾಲಿನ ಕೆಳಗೆ ಕತ್ತರಿಸಿದರು. ಅವರ ಎರಡು ಕಾಲಿನ ಅಭಿಧಮನಿಗಳೂ ಚೆನ್ನಾಗಿಯೇ ಇದ್ದುವಂತೆ. ಬಲೂನು ಬೇಕೋ ಬೈಪಾಸು ಬೇಕೋ ಎಂದು ಕೇಳುವ ಭಾಗ್ಯವೇ ಅವರಿಗೆ ಬರಲಿಲ್ಲ.

ನೀರಿಲ್ಲದ ಗಿಡದ ಒಣಗಿದ ಎಲೆಗಳನ್ನು ಒಂದೊಂದಾಗಿ ಕಿತ್ತರೆ ಗಿಡ ಚಿಗುರುವುದೆ? ಕೀವು ತುಂಬಿ ಜೀವಕ್ಕೇ ಅಪಾಯವಾದಾಗ ಮೊದಲು ಕೊಯ್ಯಲೇಬೇಕು, ಒಪ್ಪಿದೆ. ಕೊಯ್ದ ಮಾರನೆಯ ದಿನವಾದರೂ ರಕ್ತ ಬರುತ್ತಿದೆಯೆ ಎಂದು ನೋಡಬಾರದೆ? ಪಾದದ ಮೇಲೊಂದು, ಒಳಗಣಕಾಲಿನ ಹಿಂದೊಂದು ನಾಡಿ. ಎರಡು ಬೆರಳು ಸಾಕು. ಇನ್ನೂ ಬೇಕಾದರೆ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಡಾಪ್ಲರ್ ಯಂತ್ರದಿಂದ ಕಣಕಾಲಿನ ರಕ್ತದೊತ್ತಡ ಅಳೆದು ತೋಳಿನದರಿಂದ ಭಾಗಿಸಬೇಕು. 0.9 ಅಥವಾ ಅದಕ್ಕೂ ಕಡಿಮೆ ಬಂದರೆ ನಾಳ ಕಟ್ಟಿದೆಯೆಂದು ಅರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಸುಣ್ಣಗಟ್ಟಿ ಈ ಲೆಕ್ಕ ಸುಳ್ಳು ಹೇಳುವುದುಂಟು. ಆಗ ಕಾಲ್ಬೆರಳಿನ ಒತ್ತಡ ಅಳೆಯಬೇಕು. ಇದೆಲ್ಲ ಹೊಸ ಸಂಶೋಧನೆಯೇನಲ್ಲ.

ಇದನ್ನು ಹೇಳಿದಾಗ ಮಿತ್ರರಿಬ್ಬರೂ, ಎಂದೂ ಇಲ್ಲದಂತೆ, ಒಂದಾದರು. "ಅದು ರೋಗಿ ನಮ್ಮ ಹತ್ತಿರ ಬರುವುದಕ್ಕೆ ಮುಂಚಿನ ತಪ್ಪು, ಮಾರಾಯರೆ. ನಾವೇನು ಮಾಡೋಣ?" ಎಂದರು. ಏನು ಮಾಡೋಣವೆ? ವರ್ಷಕ್ಕೆ ಎಷ್ಟು ಸಮ್ಮೇಳನಗಳಲ್ಲಿ ಮಾತಾಡುತ್ತೀರಿ? ಯಾರ ಎದುರಿಗೆ? ನಿಮ್ಮಂಥವರ ಎದುರಿಗೇ. ತಾಲ್ಲೂಕಿನಲ್ಲಿ ಹುಣ್ಣಿಗೆ ಕಟ್ಟು ಹಾಕುವ ವೈದ್ಯನಿಗೆ, ಬೆರಳು ತೆಗೆಯುವ ಸಾಮಾನ್ಯ ಶಸ್ತ್ರವೈದ್ಯನಿಗೆ ಒಂದು ದಿನವಾದರೂ ಹೇಳಿಕೊಟ್ಟಿದ್ದೀರಾ?

ಪಾದದ ಮೇಲೆ ಕತ್ತಿ ಇಡುವ ಮುನ್ನ ರೋಗಿಯ ಚೀಟಿಯಲ್ಲಿ ನಾಡಿ ಸಿಕ್ಕಿತೆ, ಒತ್ತಡ ಎಷ್ಟು ಎಂದು ಎರಡು ಸಾಲು ಬರೆಯುವ ಕಟ್ಟಳೆ ಎಲ್ಲ ಆಸ್ಪತ್ರೆಗಳಲ್ಲೂ ಬರಲಿ. ಬಲೂನೋ ಬೈಪಾಸೋ ಎಂಬ ಜಗಳವನ್ನು ಇವರಿಬ್ಬರೂ ಆಮೇಲೆ ನಮ್ಮ ಜಗಲಿಯ ಮೇಲೆ ಎಷ್ಟು ಬೇಕಾದರೂ ಆಡಲಿ. ಕಾಫಿಯ ಖರ್ಚು ನನ್ನದು.